ಗ್ಯಾರೇಜಿನಲ್ಲಿ ಎಂಜಿನ್ ಬದಲಿಸಲು ಮಕ್ಕಳಿಗೆ ಬಿಡೋಣವೇ?

ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ನಮ್ಮಂಥ ಎವರ್‌ಗ್ರೀನ್ ಪೋಷಕರಿಗೆ ಇತ್ತೀಚೆಗೆ ಒಂದು ಹೊಸ ಪ್ರಶ್ನೆ ಎದುರಾಗಿದೆ. ಕನ್ನಡ ತರಗತಿ ಮುಗಿಯಲೆಂದು ಹೊರಗೆ ಕಾಯುತ್ತ ನಿಂತಾಗಲೂ ಅದೇ ಮಾತು. ಮಗನೋ ಮಗಳೋ ಒಂದು ಹಳೆಯ ಟೊಯೋಟ ಪಿಕಪ್ ಟ್ರಕ್ಕನ್ನು ಕಡಿಮೆ ದುಡ್ಡಿಗೆ ಕೊಂಡು, ಅದರ ಎಂಜಿನ್ ಇಳಿಸಿ, ಅದಕ್ಕಿಂತ ದೊಡ್ಡದನ್ನು ಮನೆಯಲ್ಲೇ ಕೂರಿಸುತ್ತೇನೆ ಎಂದು ಹಟ ಹಿಡಿದರೆ ಏನು ಹೇಳುವುದು? "ಓದೋದು ಬಿಟ್ಟು ಮೆಕ್ಯಾನಿಕ್ ಕೆಲಸ ಯಾಕೆ?" ಎನ್ನುವವರೇ ಹೆಚ್ಚು. ನಮ್ಮ ಅಭಿಪ್ರಾಯ ಬೇರೆ. ಬಿಡಬೇಕು. ಆದರೆ ಕೆಲವು ವಿಷಯಗಳಲ್ಲಿ ಪಟ್ಟು ಸಡಿಲಿಸದೆ ಬಿಡಬೇಕು.

ವರ್ಷಕ್ಕೊಮ್ಮೆ ಆಯುಧ ಪೂಜೆಯ ದಿನ ನಾವೆಲ್ಲ ಕಾರು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಒಂದು ಸ್ಪ್ಯಾನರನ್ನೋ ಸ್ಕ್ರೂಡ್ರೈವರನ್ನೋ ಹುಡುಕಿ ತಂದು ದೇವರ ಮುಂದೆ ಇಡುವುದೂ ಉಂಟು. ಮರುದಿನ ಅದು ಡ್ರಾಯರಿಗೆ ಹೋದರೆ ಮುಂದಿನ ದಸರಾದವರೆಗೆ ಅದರ ಸುದ್ದಿಯಿಲ್ಲ. "ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಸಮಾಜ ನಮ್ಮದು. ಕೈಗೆ ಗ್ರೀಸು ಮೆತ್ತಿಕೊಂಡು ಬಂದ ಮಗುವಿಗೆ ಮಾತ್ರ "ಸೋಫಾ ಮುಟ್ಟಬೇಡ" ಎನ್ನುವುದು!

ಈಗ ಟ್ರಕ್ಕಿನ ವಿಷಯ. ತೊಂಬತ್ತರ ದಶಕದ ಆರಂಭದ ಟೊಯೋಟ ಪಿಕಪ್‌ಗಳಲ್ಲಿ ಹಲವು ಇಲ್ಲೇ ಹತ್ತಿರದ ಫ್ರೀಮಾಂಟ್‌ನಲ್ಲಿ, ಟೊಯೋಟ ಮತ್ತು ಜನರಲ್ ಮೋಟಾರ್ಸ್ ಸೇರಿ ನಡೆಸುತ್ತಿದ್ದ ನುಮ್ಮಿ ಕಾರ್ಖಾನೆಯಲ್ಲಿ ತಯಾರಾದವು. 1984ರಲ್ಲಿ ಆರಂಭವಾದ ಆ ಕಾರ್ಖಾನೆ 2010ರಲ್ಲಿ ಮುಚ್ಚಿತು; ಅದೇ ಕಟ್ಟಡದಲ್ಲಿ ಈಗ ಟೆಸ್ಲಾ ಕಾರುಗಳು ತಯಾರಾಗುತ್ತವೆ. ಮಕ್ಕಳೇ, ನಿಮ್ಮ ಕಣ್ಣಿಗೆ ಇಂಥ ಟ್ರಕ್ ಬಿದ್ದರೆ ಗಾಜಿನ ಕೆಳಗಿರುವ ವಾಹನ ಸಂಖ್ಯೆಯ ಮೊದಲ ಅಕ್ಷರ ನೋಡಿ. 'ಜೆ' ಇದ್ದರೆ ಜಪಾನಿನದು, '4' ಇದ್ದರೆ ಅಮೆರಿಕದ್ದು.

ಈ ಟ್ರಕ್‌ಗಳಲ್ಲಿ ಎರಡು ಬಗೆಯ ಎಂಜಿನ್ ಬರುತ್ತಿತ್ತು. ಒಂದು 2.4 ಲೀಟರಿನ ನಾಲ್ಕು ಸಿಲಿಂಡರಿನದು, ಸುಮಾರು 116 ಅಶ್ವಶಕ್ತಿ. ಇನ್ನೊಂದು 3 ಲೀಟರಿನ ವಿ-6, 150 ಅಶ್ವಶಕ್ತಿ. ಎರಡನೆಯದಕ್ಕೆ ಹೆಡ್ ಗ್ಯಾಸ್ಕೆಟ್ ಹೋಗುವ ಅಪಖ್ಯಾತಿ ಇದೆ. ಮುಂದೆ ಟಕೋಮಾ ಟ್ರಕ್ಕಿಗೆ ಬಂದ 3.4 ಲೀಟರಿನ ವಿ-6 ಎಂಜಿನ್ 190 ಅಶ್ವಶಕ್ತಿಯದು, ಅದೇ ವಂಶದ್ದು. ಹೀಗಾಗಿ 3 ಲೀಟರಿನ ಜಾಗದಲ್ಲಿ 3.4 ಕೂರಿಸುವಾಗ ಹಳೆಯ ಗೇರ್‌ಬಾಕ್ಸೇ ಹೊಂದುತ್ತದೆ. ನಾಲ್ಕು ಸಿಲಿಂಡರಿನ ಟ್ರಕ್ಕಾದರೆ ಗೇರ್‌ಬಾಕ್ಸಿಗೂ ಬೇರೆ ದಾರಿ ನೋಡಬೇಕು. ಖರ್ಚು ಅಲ್ಲಿಂದಲೇ ಏರುತ್ತದೆ.

ನಿಜವಾದ ಪಾಠ ಇರುವುದು ಕಾನೂನಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ಬದಲಿಸಬಾರದೆಂದು ಯಾರೂ ಹೇಳಿಲ್ಲ. ಆದರೆ ಹೊಸದಾಗಿ ಕೂರಿಸುವ ಎಂಜಿನ್ ವಾಹನದಷ್ಟೇ ಹೊಸದಾಗಿರಬೇಕು, ಅಥವಾ ಅದಕ್ಕಿಂತ ಈಚಿನದಾಗಿರಬೇಕು. ಅದರ ಹೊಗೆ ನಿಯಂತ್ರಣದ ಎಲ್ಲ ಭಾಗಗಳೂ ಅದರ ಜೊತೆಗೇ ಬರಬೇಕು. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ, ಕಂಪ್ಯೂಟರ್, ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ, ಎಲ್ಲವೂ. 1996ರಿಂದ ಈಚಿನ ಎಂಜಿನ್ ಎಂದರೆ ತನ್ನ ತಪ್ಪನ್ನು ತಾನೇ ಪತ್ತೆ ಹಚ್ಚಿಕೊಳ್ಳುವ ಹೊಸ ಪದ್ಧತಿಯದು. ಆ ವೈರಿಂಗನ್ನು ಹಳೆಯ ಟ್ರಕ್ಕಿಗೆ ಒಂದೊಂದೇ ತಂತಿಯಾಗಿ ಸೇರಿಸಬೇಕು. ಬೋಲ್ಟು ಬಿಚ್ಚುವುದು ಕೆಲವು ದಿನಗಳ ಕೆಲಸ, ತಂತಿಗಳದು ತಿಂಗಳುಗಳ ತಪಸ್ಸು. ಎಲ್ಲ ಮುಗಿದ ಮೇಲೆ ಬ್ಯೂರೋ ಆಫ್ ಆಟೊಮೋಟಿವ್ ರಿಪೇರ್ ನೇಮಿಸಿರುವ ರೆಫರಿಯ ಬಳಿಗೆ ಒಯ್ಯಬೇಕು. ಅವರು ಪ್ರತಿಯೊಂದು ಭಾಗವನ್ನೂ ನೋಡಿ, ಒಪ್ಪಿಗೆಯಾದರೆ ವಾಹನಕ್ಕೆ ಒಂದು ಚೀಟಿ ಅಂಟಿಸುತ್ತಾರೆ. ಆಮೇಲೆ ಎರಡು ವರ್ಷಕ್ಕೊಮ್ಮೆ ಬರುವ ಸ್ಮಾಗ್ ಪರೀಕ್ಷೆಯಲ್ಲಿ ಅದನ್ನು ಆ ಹೊಸ ಎಂಜಿನ್ನಿನ ಲೆಕ್ಕದಲ್ಲೇ ನೋಡುತ್ತಾರೆ.

ಊರಿನ ಕಡೆಯವರಿಗೆ ಇದು ಅತಿಯಾಯಿತು ಎನಿಸಬಹುದು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ ತೋಟಕ್ಕೆ ಓಡಿಸಿದ್ದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಿಗದ ಭಾಗವಿಲ್ಲ ಎಂಬ ಮಾತೂ ಇದೆ. ಆದರೆ ಅಲ್ಲಿನ ಕಾನೂನು ಇಲ್ಲಿಗಿಂತ ಬಿಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಮುಚ್ಚಿದ ಬಾಗಿಲು ಇಲ್ಲಿ ಅರ್ಧ ತೆರೆದಿದೆ. ಆ ಅರ್ಧದಲ್ಲಿ ನೆಟ್ಟಗೆ ನಡೆಯಲು ಹದಿನೇಳರ ಹುಡುಗರಿಗೆ ಹೇಳಿಕೊಡುವುದು ಕಷ್ಟವೇನಲ್ಲ.

"ಕನ್ವರ್ಟರ್ ಕಿತ್ತರೆ ಒಳ್ಳೆ ಸದ್ದು ಬರುತ್ತೆ, ಯಾರಿಗೆ ಗೊತ್ತಾಗುತ್ತೆ?" ಎಂಬ ಸಲಹೆ ಗೆಳೆಯರಿಂದ ಬಂದೇ ಬರುತ್ತದೆ. ಇಲ್ಲಿ ಪೋಷಕರು ಒಂದಿಂಚೂ ಕದಲಬಾರದು. ಪೂರ್ವಕ್ಕೆ ಡಯಾಬ್ಲೋ ಬೆಟ್ಟಸಾಲು, ಪಶ್ಚಿಮಕ್ಕೆ ಸಾಂಟಾ ಕ್ರೂಜ್ ಬೆಟ್ಟಗಳು; ನಡುವಿನ ಈ ಕಣಿವೆ ಒಂದು ಬೋಗುಣಿಯ ಹಾಗೆ. ಇಲ್ಲಿ ಬಿಟ್ಟ ಹೊಗೆ ಬೇಗ ಎಲ್ಲಿಗೂ ಹೋಗದು. ಪಕ್ಕದ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದ ಕಥೆ ನೆನಪಿರಲಿ. ಅಲ್ಲಿನ ಸಣ್ಣ ವಿಮಾನಗಳು ಸೀಸ ಬೆರೆತ ಇಂಧನ ಬಳಸುತ್ತಿದ್ದವು. ಹತ್ತಿರ ವಾಸಿಸುವ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿರುವುದನ್ನು ಕೌಂಟಿ ಮಾಡಿಸಿದ ಅಧ್ಯಯನ 2021ರಲ್ಲಿ ತೋರಿಸಿತು. 2022ರ ಜನವರಿ 1ರಿಂದ ಅಲ್ಲಿ ಆ ಇಂಧನದ ಮಾರಾಟವೇ ನಿಂತಿತು. ಎಂಜಿನ್ ಯಾರದ್ದಾದರೂ ಇರಲಿ, ಉಸಿರು ಮಾತ್ರ ಕೇರಿಯ ಮಕ್ಕಳದ್ದೇ.

ಇನ್ನು ಬ್ರೇಕು. ನಮ್ಮ ಕ್ವಿಂಬಿ ರಸ್ತೆ ಮೌಂಟ್ ಹ್ಯಾಮಿಲ್ಟನ್ ರಸ್ತೆಗೆ ಸೇರುವ ಏರನ್ನು ನೋಡಿದವರಿಗೆ ದೊಡ್ಡ ಎಂಜಿನ್ನಿನ ಆಸೆ ಏಕೆ ಹುಟ್ಟುತ್ತದೆ ಎಂದು ಹೇಳಬೇಕಾಗಿಲ್ಲ. ಹತ್ತುವಾಗ 190 ಅಶ್ವಗಳು ಬೇಕು, ಸರಿ. ಇಳಿಯುವಾಗ? ಗಂಟೆಗೆ 60 ಮೈಲಿಯಲ್ಲಿ ಓಡುತ್ತಿದ್ದ ಟ್ರಕ್ 75ರಲ್ಲಿ ಓಡಿದರೆ ಅದರ ಚಲನ ಶಕ್ತಿ ಶೇಕಡಾ 56ರಷ್ಟು ಹೆಚ್ಚುತ್ತದೆ. ವೇಗದ ವರ್ಗ ಲೆಕ್ಕ ಹಾಕಿ ನೋಡಿ, ಫಿಸಿಕ್ಸ್ ಓದುವ ಮಕ್ಕಳಿಗೆ ಇದು ಒಂದು ನಿಮಿಷದ ಕೆಲಸ. ನಿಲ್ಲಿಸುವಾಗ ಅಷ್ಟನ್ನೂ ಬಿಸಿಯಾಗಿ ನುಂಗಬೇಕಾದದ್ದು ಅದೇ ಮೂವತ್ತು ವರ್ಷದ ಹಳೆಯ ಬ್ರೇಕು. ಆದ್ದರಿಂದ ದುಡ್ಡು ಮೊದಲು ಬ್ರೇಕು, ಟೈರುಗಳಿಗೆ ಹೋಗಲಿ, ಆಮೇಲೆ ಎಂಜಿನ್ನಿಗೆ. ಈ ಕ್ರಮಕ್ಕೆ ಒಪ್ಪದ ಮಗುವಿಗೆ ಇನ್ನೊಂದು ವರ್ಷ ಕಾಯಲು ಹೇಳಿ.

ಕೆಲಸ ನಡೆಯುವಾಗ ದೊಡ್ಡವರೊಬ್ಬರು ಅಲ್ಲೇ ಇರಬೇಕು, ಫೋನು ನೋಡುತ್ತ ಅಲ್ಲ. ಬರೀ ಜ್ಯಾಕಿನ ಮೇಲೆ ನಿಂತ ಟ್ರಕ್ಕಿನ ಕೆಳಗೆ ಯಾರೂ ನುಸುಳಬಾರದು, ಸ್ಟ್ಯಾಂಡ್ ಕೊಡಲೇಬೇಕು. ಕ್ರೇನಿನಲ್ಲಿ ಎಂಜಿನ್ ತೂಗುತ್ತಿರುವಾಗ ಅದರ ಕೆಳಗೆ ಕೈ ಹಾಕಬಾರದು. ಇಳಿಸಿದ ಹಳೆ ಆಯಿಲನ್ನು ಡಬ್ಬಿಯಲ್ಲಿ ತುಂಬಿ ಬಿಡಿಭಾಗದ ಅಂಗಡಿಗೆ ಒಯ್ಯಿರಿ, ಅವರು ತೆಗೆದುಕೊಳ್ಳುತ್ತಾರೆ. ಬೀದಿಯ ಚರಂಡಿಗೆ ಬಿಟ್ಟರೆ ಅದು ಥಾಂಪ್ಸನ್ ತೊರೆಗೆ, ಅಲ್ಲಿಂದ ಮುಂದೆ ಕೊಲ್ಲಿಗೆ. ಸಂಘವಿರುವ ಬಡಾವಣೆಯಾದರೆ ಮನೆಯ ಮುಂದೆ ವಾಹನ ಬಿಚ್ಚಲು ಅನುಮತಿ ಇದೆಯೇ ಎಂದು ಮೊದಲೇ ಕಾಗದ ಓದಿಕೊಳ್ಳಿ. ನೆರೆಮನೆಯವರಿಗೆ ಒಂದು ಮಾತು ಹೇಳಿ, ಒಂದು ತಟ್ಟೆ ಚಕ್ಕುಲಿಯನ್ನೂ ಕೊಟ್ಟು ಬನ್ನಿ!

"ಕಾಲೇಜು ಅರ್ಜಿಯಲ್ಲಿ ಬರೆಯಲು ಚೆನ್ನಾಗಿರುತ್ತೆ" ಎಂದು ಒಪ್ಪುವ ಪೋಷಕರೂ ಇದ್ದಾರೆ. ಆ ಕಾರಣ ನಮಗೆ ಹಿಡಿಸದು. ಅರ್ಜಿ ಕಳಿಸಿದ ಮರುದಿನವೇ ಅಂಥ ಟ್ರಕ್ ಅರ್ಧ ಬಿಚ್ಚಿದ ಹಾಗೆಯೇ ಗ್ಯಾರೇಜಿನಲ್ಲಿ ಉಳಿಯುತ್ತದೆ. ಮಗುವಿಗೆ ಆ ಕೆಲಸವೇ ಇಷ್ಟವಾಗಿ, ಅದನ್ನೇ ಓದುತ್ತೇನೆ ಎಂದರೆ? ನಮ್ಮ ಪಕ್ಕದಲ್ಲೇ ಇರುವ ಎವರ್‌ಗ್ರೀನ್ ವ್ಯಾಲಿ ಕಾಲೇಜಿನಲ್ಲಿ ಆಟೊಮೋಟಿವ್ ವಿಭಾಗವಿದೆ. ಹಟ ಹಿಡಿದ ಮಗುವನ್ನು ಒಂದು ದಿನ ಅಲ್ಲಿಗೆ ಕರೆದೊಯ್ದು ತೋರಿಸಿ, ನೀವೂ ನೋಡಿ ಬನ್ನಿ. ಅನುಮತಿಯ ಮಾತು ಆಮೇಲೆ ಊಟದ ಮೇಜಿನ ಮೇಲೆ ಆಗಲಿ.