ಪೈಂಟಿಗೆ ದುಡ್ಡಿದೆ, ಬ್ರೇಕಿಗೆ ಇಲ್ವಾ?

ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ಎರಡು ವರ್ಷದ ಹಿಂದೆ ಯಾರಾದ್ರೂ ನನಗೆ ಇದನ್ನೇ ಹೇಳಿದ್ದರೆ ನನಗೂ ಬರ್ತಿತ್ತು.

ನಮ್ಮ ಕಡೆ ಹಳೇ ವಿಲ್ಲೀಸ್ ಮಾದರಿ ಮಹೀಂದ್ರ ಜೀಪು ಕಾಣದ ತೋಟ ಕಡಿಮೆ. ಈಗ ಅದಕ್ಕೆ ಶೋಕಿ ಬೇರೆ ಸೇರಿದೆ. ಮಿಲಿಟರಿ ಹಸಿರು ಪೈಂಟು, ಅಗಲದ ಟೈರು, ಹೊಸ ಹುಡ್ಡು. ಎಲ್ಲಾ ಆದ ಮೇಲೆ "ಬ್ರೇಕ್ ಹೆಂಗಿದೆ?" ಅಂತ ಕೇಳಿದ್ರೆ ಒಂದೇ ಉತ್ತರ: "ಹಳೇ ಗಾಡಿ ಅಲ್ವಾ ಮಾರಾಯ್ರೇ, ಎರಡು ಸಲ ಪಂಪ್ ಮಾಡಿದ್ರೆ ಹಿಡಿಯುತ್ತೆ."

ನಾನೂ ಹಾಗೇ ಹೇಳ್ತಿದ್ದೆ. ಹೋದ ವರ್ಷದ ಹಿಂದಿನ ಕುಯ್ಲಲ್ಲಿ ಮೇಲಿನ ಕಾಫಿ ತೋಟದಿಂದ ಕಣಕ್ಕೆ ಇಳೀತಿದ್ದೆ. ಹಿಂದೆ ಹಣ್ಣಿನ ಚೀಲ, ಚೀಲದ ಮೇಲೆ ಐದು ಜನ ಹೆಂಗಸರು. ಪೆಡಲ್ ಒತ್ತಿದೆ, ನೆಲ ಮುಟ್ಟಿತು. ಎರಡು ಸಲ, ಮೂರು ಸಲ ಒತ್ತಿದೆ. ಏನೂ ಇಲ್ಲ. ಎಡಕ್ಕೆ ತಿರುಗಿಸಿ ದರೆಗೆ ಕೊಟ್ಟೆ. ಒಬ್ಬರ ಕೈ ಮುರೀತು. ಬಲಕ್ಕೆ ಹಳ್ಳ ಇತ್ತು. ಆ ಅಮ್ಮ ಈಗಲೂ ಕೆಲಸಕ್ಕೆ ಬರ್ತಾರೆ, ಆದ್ರೆ ಆ ಇಳಿಜಾರಲ್ಲಿ ಜೀಪು ಹತ್ತಲ್ಲ. ನಡೆದೇ ಇಳೀತಾರೆ.

ಹ್ಯಾಂಡ್ ಬ್ರೇಕ್ ಎಳೀಬಹುದಿತ್ತಲ್ಲ ಅಂತೀರಿ. ಈ ಜೀಪಲ್ಲಿ ಅದು ಬ್ರೇಕ್ ಆಯಿಲ್ ನಂಬಿಕೊಂಡಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಅದಕ್ಕೇ ಬೇರೆ ಡ್ರಮ್ಮಿದೆ. ಗಾಡಿ ಕಟ್ಟಿದವರು ಯೋಚನೆ ಮಾಡಿಯೇ ಇಟ್ಟಿದ್ದರು. ನನ್ನದರ ಕೇಬಲ್ ತುಂಡಾಗಿ ನಾಲ್ಕು ವರ್ಷ ಆಗಿತ್ತು.

ಬಿಚ್ಚಿ ನೋಡಿದ್ರೆ ಹಿಂದಿನ ಎಡ ಚಕ್ರದ ಸಿಲಿಂಡರಲ್ಲಿ ಒಂದು ರಬ್ಬರ್ ಕಪ್ ಹರಿದಿತ್ತು. ಅಷ್ಟೇ. ಉಳಿದ ಮೂರು ಚಕ್ರ ಏನು ಮಾಡ್ತಿದ್ವು? ಹಳೇ ಜೀಪಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಸ್ಪ್ರಿಂಕ್ಲರ್ ಪೈಪು ಒಂದು ಕಡೆ ಒಡೆದರೆ ಯಾವ ಜೆಟ್ಟೂ ತಿರುಗೋದಿಲ್ಲ, ಗೊತ್ತಲ್ಲ? ಅದೇ ಕಥೆ. ಈಗಿನ ಗಾಡಿಗಳಲ್ಲಿ ಎರಡು ಲೈನ್ ಇರುತ್ತೆ, ಒಂದು ಹೋದ್ರೂ ಇನ್ನೊಂದು ಉಳಿಯುತ್ತೆ. ನಮ್ಮದಕ್ಕೆ ಆ ಭಾಗ್ಯ ಇಲ್ಲ. ಹಂಗಾಗಿ ಹಳೇ ಗಾಡಿಗೆ ಬ್ರೇಕ್ ಹೊಸದಕ್ಕಿಂತ ಜಾಸ್ತಿ ಚೆನ್ನಾಗಿರಬೇಕು. ನಾವು ಮಾಡ್ತಿರೋದು ಉಲ್ಟಾ.

ಪಂಪ್ ಮಾಡಿದ್ರೆ ಹಿಡಿಯೋದು ಹಳೇ ಗಾಡಿಯ ಗುಣ ಅಲ್ಲ, ರೋಗ. ಶೂ ಸವೆದಿದೆ, ಇಲ್ಲಾ ಅಡ್ಜಸ್ಟ್‌ಮೆಂಟ್ ತಪ್ಪಿದೆ, ಇಲ್ಲಾ ಲೈನಲ್ಲಿ ಗಾಳಿ ಇದೆ. ಸರಿಯಿದ್ದ ಪೆಡಲಿಗೆ ಅರ್ಧ ಇಂಚಿನಷ್ಟು ಆಟ ಸಾಕು. ಆಮೇಲೆ ಮೊದಲ ಒತ್ತಿಗೇ ಗಟ್ಟಿಯಾಗಬೇಕು.

ಇನ್ನು ನಮ್ಮ ನಾಟಿ ವೈದ್ಯ. ಸೋರೋ ಚಕ್ರದ ಲೈನ್ ಬಂದ್ ಮಾಡಿ ಮೂರರಲ್ಲೇ ಓಡಿಸೋದು: ಗಟ್ಟಿಯಾಗಿ ಒತ್ತಿದ ದಿನ ಗಾಡಿ ಒಂದು ಕಡೆಗೆ ಎಳೆಯುತ್ತೆ. ಬ್ರೇಕ್ ಆಯಿಲ್ ಸಿಗಲಿಲ್ಲ ಅಂತ ಇಂಜಿನ್ ಆಯಿಲ್ ಹಾಕೋದು, ಸಿಲಿಂಡರನ್ನು ಪೆಟ್ರೋಲು ಡೀಸೆಲಲ್ಲಿ ತೊಳೆಯೋದು: ಒಳಗಿನ ರಬ್ಬರೆಲ್ಲ ಊದಿ ಹಾಳಾಗುತ್ತೆ. ಫ್ರಿಜ್ಜಿನ ತಾಮ್ರದ ಪೈಪು ಹಾಕೋದು: ಅಲುಗಾಡಿ ಅಲುಗಾಡಿ ಪೆಡಸಾಗಿ ಬಿರುಕು ಬಿಡುತ್ತೆ. ಬ್ರೇಕಿಗೆ ಸ್ಟೀಲ್ ಪೈಪೇ ಆಗಬೇಕು, ತುದಿ ಎರಡು ಮಡಿಕೆಯ ಫ್ಲೇರ್ ಇರಬೇಕು.

ಎಲ್ಲಕ್ಕಿಂತ ದೊಡ್ಡ ಮೋಸ ಉಪ್ಪುಕಾಗದದ್ದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ನಮ್ಮ ಮಳೆಗೆ ಕೇಳಬೇಕಾ? ಆ ನೀರು ಸಿಲಿಂಡರ್ ಒಳಗೆ ತುಕ್ಕು ಹಿಡಿಸಿ ಗುಳಿ ಮಾಡುತ್ತೆ. ಮೇಲೆ ಉಪ್ಪುಕಾಗದ ಆಡಿಸಿ ಹೊಸ ಕಿಟ್ ಹಾಕಿದ್ರೆ ಗುಳಿ ಹೋಗೋದಿಲ್ಲ, ಹೊಸ ರಬ್ಬರನ್ನೇ ಕೆರೆದು ಹಾಕುತ್ತೆ. ಇನ್ನೊಂದು ಅಪಾಯ: ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೂ ಕುದಿಯೋ ಹಾಗಿಲ್ಲ. ನೀರು ಹೀರಿದ ಮೇಲೆ ಅದರ ಲೆಕ್ಕ 140ಕ್ಕೆ ಇಳಿಯುತ್ತೆ. ಚಾರ್ಮಾಡಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದ್ದರೆ ಪೆಡಲ್ ಒಳಗೆ ಹೋಗುತ್ತೆ ಅಷ್ಟೇ.

"ಹಾಗಾದ್ರೆ ಹೊಸ ಸಿಲಿಂಡರೇ ಹಾಕಿ, ಹಳೇದಕ್ಕೆ ಯಾಕೆ ಗುದ್ದಾಟ?" ಅನ್ನೋರಿದ್ದಾರೆ. ಒಳ್ಳೇ ಮಾಲು ಸಿಕ್ಕರೆ ಖಂಡಿತ ಹಾಕಿ. ನಾನೂ ಮೊದಲು ಹಾಕಿದ್ದೆ, ಒಂದು ಮಳೆಗಾಲ ಮುಗಿಯೋಕೆ ಮುಂಚೆ ಸೋರಿತು. ಮತ್ತೆ ಹಳೇ ಬೀಡಿನ ಸಿಲಿಂಡರುಗಳನ್ನೇ ಹುಡುಕಿ ತೆಗೆದೆ. ಹೊರಗಿನ ಬಾಡಿ ಕಲ್ಲಿನ ಹಾಗಿತ್ತು. ಲೇತಲ್ಲಿ ಒಳಗೆ ಕೊರೆಸಿ, ಸ್ಟೇನ್‌ಲೆಸ್ ಸ್ಲೀವ್ ಕೂರಿಸಿ, ಮೊದಲಿನ ಅಳತೆಗೇ ಹೋನ್ ಮಾಡಿಸಿದೆ. ಈಗ ಎರಡನೇ ಮಳೆಗಾಲ ಕಳೆದಿದೆ, ಒಂದು ಹನಿ ಇಲ್ಲ. ಆದ್ರೆ ಹಳೇದನ್ನು ಉಳಿಸೋದು ಕಬ್ಬಿಣದಲ್ಲಿ ಮಾತ್ರ. ರಬ್ಬರ್ ಕಪ್ಪು, ಹೋಸು, ಆಯಿಲ್ಲು ಹೊಸದೇ ಬೇಕು. ಹಳೇ ಹೋಸು ಹೊರಗೆ ಚೆನ್ನಾಗಿ ಕಂಡ್ರೂ ಒಳಗೆ ಊದಿಕೊಂಡು ಆಯಿಲ್ ವಾಪಸ್ ಬಿಡೋದಿಲ್ಲ, ಚಕ್ರ ಜಾಮ್ ಆಗುತ್ತೆ. ಇನ್ನೊಂದು, ಹಳೇ ಲೈನರಲ್ಲಿ ಕಲ್ನಾರು ಇರಬಹುದು. ಡ್ರಮ್ಮಿನ ಧೂಳನ್ನು ಕಂಪ್ರೆಸರಲ್ಲಿ ಊದಬೇಡಿ, ಒದ್ದೆ ಬಟ್ಟೇಲಿ ಒರೆಸಿ.

ಖರ್ಚಿನ ಮಾತು ಬೇಡ. ನಾಲ್ಕು ಚಕ್ರ, ಮಾಸ್ಟರ್ ಸಿಲಿಂಡರ್, ಪೈಪು, ಲೈನರ್ ಎಲ್ಲಾ ಸೇರಿ ನನ್ನ ಪೈಂಟಿನ ಬಿಲ್ಲಿನ ಅರ್ಧ ಆಗಲಿಲ್ಲ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ನಿಂತ ಗಾಡೀಲಿ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡೀರಿ. ನಿಧಾನಕ್ಕೆ ಕೆಳಗೆ ಇಳಿದ್ರೆ ಎಲ್ಲೋ ಸೋರಿಕೆ ಇದೆ, ಇಲ್ಲಾ ಮಾಸ್ಟರ್ ಸಿಲಿಂಡರ್ ಹೋಗಿದೆ. ಬಗ್ಗಿ ನಾಲ್ಕೂ ಚಕ್ರದ ಒಳಬದಿ ನೋಡಿ, ಒದ್ದೆ ಇದೆಯಾ ಅಂತ. ಇದ್ರೆ ಅವತ್ತು ಆಳುಗಳನ್ನು ಹತ್ತಿಸಬೇಡಿ. ಬಿಚ್ಚೋಕೆ ಸಹಾಯ ಬೇಕಾದ್ರೆ ನಮ್ಮ ಶೆಡ್ಡಿಗೆ ಬನ್ನಿ, ಸ್ಪ್ಯಾನರು ಇದೆ, ಕಾಫಿ ಅಂತೂ ಇದ್ದೇ ಇದೆ. ನಿಮ್ಮ ಜೀವ ನಿಮ್ಮಿಷ್ಟ. ಹಿಂದೆ ಚೀಲದ ಮೇಲೆ ಕೂತವರು ನಿಮ್ಮ ಬ್ರೇಕ್ ನೋಡಿ ಹತ್ತಿದ್ದಲ್ಲ, ನಿಮ್ಮ ಮುಖ ನೋಡಿ ಹತ್ತಿದ್ದು.