ಮೌಸ್ ಬದಿಗಿಟ್ಟು ನೋಡಿ

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆಂದು ನಾವು ನಾಲ್ವರು ಸೇರಿ ಹಾಸ್ಟೆಲ್‌ಗೊಂದು ವೆಬ್‌ಸೈಟ್ ಮಾಡಿದ್ದೆವು. ಮೆಸ್ ಬಿಲ್ ನೋಡುವುದು, ರಜೆ ಅರ್ಜಿ ಹಾಕುವುದು ಎಲ್ಲವೂ ಅದರಲ್ಲೇ. ತಿಳಿ ಬೂದು ಬಣ್ಣದ ಅಕ್ಷರ, ಪುಟ್ಟ ಪುಟ್ಟ ಐಕಾನ್‌ಗಳು. ಪೂರ್ತಿ ಅಂಕ ಬಂದಾಗ ನಾನಂತೂ ಬೀಗಿದ್ದೆ.

ರಜೆಯಲ್ಲಿ ಊರಿಗೆ ಹೋದಾಗ ಬಾಲ್ಯದ ಗೆಳೆಯನಿಗೆ ಅದನ್ನು ತೋರಿಸಿದೆ. ಬಿ.ಎ. ಓದುತ್ತಿರುವ ಅವನಿಗೆ ಕಣ್ಣು ಕಾಣಿಸುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಲ್ಯಾಪ್‌ಟಾಪ್ ಬಳಸುತ್ತಾನೆ. ಟ್ಯಾಬ್ ಕೀಲಿ ಒತ್ತುತ್ತಾ ಹೋದ. ಲ್ಯಾಪ್‌ಟಾಪ್ ಹೇಳಿದ್ದು ಇಷ್ಟೇ: 'ಬಟನ್... ಬಟನ್... ಎಡಿಟ್... ಎಡಿಟ್...'

'ಯಾವುದರ ಬಟನ್ನೋ ಇದು?' ಎಂದು ನಕ್ಕ. ಆಮೇಲೆ, 'ಸ್ಕಾಲರ್‌ಶಿಪ್ ಅರ್ಜಿದೂ ಇದೇ ಕಥೆ ಕಣೋ. ಪ್ರತಿ ವರ್ಷ ಯಾರಿಗಾದ್ರೂ ಪಾಸ್‌ವರ್ಡ್, ಬ್ಯಾಂಕ್ ಖಾತೆ ನಂಬರ್ ಎಲ್ಲಾ ಹೇಳಿ ತುಂಬಿಸ್ಬೇಕು' ಎಂದ.

ಆ ಮಾತು ಚುಚ್ಚಿತು. ಅವನಿಗೆ ಕಂಪ್ಯೂಟರ್ ಚೆನ್ನಾಗಿಯೇ ಬರುತ್ತದೆ. ಪುಟ ಕಟ್ಟಲು ಬಾರದೇ ಹೋದದ್ದು ನಮಗೆ.

ಅಂದು ರಾತ್ರಿಯೇ ಕೋಡ್ ತೆರೆದು ಕುಳಿತೆ. 'ಹೆಸರು', 'ಕೊಠಡಿ ಸಂಖ್ಯೆ' ಎಂದು ಪ್ರತಿ ಖಾಲಿ ಜಾಗಕ್ಕೂ ಲೇಬಲ್ ಜೋಡಿಸಿದೆ. ಐಕಾನ್‌ಗಳಿಗೆ ಹೆಸರಿಟ್ಟೆ, ಚಿತ್ರಗಳಿಗೆ ಒಂದು ಸಾಲಿನ ವಿವರಣೆ ಬರೆದೆ. ತಪ್ಪು ತುಂಬಿದರೆ ಕೆಂಪು ಗೆರೆಯಷ್ಟೇ ಕಾಣುತ್ತಿತ್ತು. ಏನು ತಪ್ಪೆಂದು ಮಾತಿನಲ್ಲೂ ಹೇಳಿಸಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ವ್ಯತ್ಯಾಸವಿರಬೇಕು ಎನ್ನುತ್ತದೆ ಡಬ್ಲ್ಯುಸಿಎಜಿ ಎಂಬ ಜಾಗತಿಕ ಮಾರ್ಗಸೂಚಿ. 2008ರಿಂದಲೂ ಇರುವ ನಿಯಮವದು. ಬೂದು ಅಕ್ಷರವನ್ನು ಕಪ್ಪಾಗಿಸಿದೆ. ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು.

ಇಷ್ಟು ಸುಲಭದ ಕೆಲಸವನ್ನು ಮೊದಲೇ ಏಕೆ ಮಾಡಲಿಲ್ಲ? ಯಾರೂ ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ. ವೈವಾದಲ್ಲಿ ಡೇಟಾಬೇಸ್ ಬಗ್ಗೆ ಹತ್ತು ಪ್ರಶ್ನೆ ಬಂದವು, ಬಳಸುವವರ ಬಗ್ಗೆ ಒಂದೂ ಬರಲಿಲ್ಲ. ಪ್ರಾಜೆಕ್ಟ್ ಅಂಕಗಳಲ್ಲಿ ಇದಕ್ಕೂ ಒಂದು ಪಾಲಿರಲಿ ಎಂಬುದು ನನ್ನ ಕೋರಿಕೆ.

ಇದು ದಯೆಯ ಮಾತಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲಾಭವೂ ಎಲ್ಲರಿಗೆ. ಬಿಸಿಲಲ್ಲಿ ನಿಂತು ಮೊಬೈಲ್ ನೋಡುವ ಅಮ್ಮನಿಗೂ ಕಪ್ಪು ಅಕ್ಷರವೇ ಬೇಕು.

ನಾಳೆ ಬ್ಯಾಂಕಿನದೋ, ನೇಮಕಾತಿ ಅರ್ಜಿಯದೋ ಪುಟ ಕಟ್ಟುವವರು ನಾವೇ. ಪ್ರಾಜೆಕ್ಟ್ ಒಪ್ಪಿಸುವ ಮುನ್ನ ಐದು ನಿಮಿಷ ಮೌಸ್ ಬದಿಗಿಟ್ಟು, ಬರೀ ಕೀಬೋರ್ಡ್‌ನಿಂದ ನಿಮ್ಮ ಪುಟ ಬಳಸಿ ನೋಡಿ. ನಂತರ ಎನ್‌ವಿಡಿಎ ಹಾಕಿ, ಕಣ್ಣು ಮುಚ್ಚಿ ಕೇಳಿ.

ಮರುದಿನ ಗೆಳೆಯ ನಮ್ಮ ಪುಟದಲ್ಲಿ ರಜೆ ಅರ್ಜಿಯೊಂದನ್ನು ತಾನೇ ತುಂಬಿ ಕಳುಹಿಸಿದ. ಪಕ್ಕದಲ್ಲೇ ಕುಳಿತಿದ್ದೆ, ನನ್ನನ್ನು ಒಂದು ಮಾತೂ ಕೇಳಲಿಲ್ಲ.