ಅಮ್ಮ ಸೈನ್ ಹಾಕಿದ್ಲು, ಆದ್ರೆ ಓದಿರ್ಲಿಲ್ಲ

(1/6)
ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲಕ್ಕಿಂತ ಬೇಗ ಓಡೋ ಸುದ್ದಿ ಯಾವ್ದು ಹೇಳಿ? ಮಳೆ ರಜೆ! ಹುಲಿಕಲ್ ಕಡೆ, ಆಗುಂಬೆ ಕಡೆ ರಾತ್ರಿಯಿಡೀ ಹೊಯ್ದ್ರೆ ಸಾಕು, ಬೆಳಿಗ್ಗೆ ಎಲ್ಲ ಪೇರೆಂಟ್ಸ್ ಗ್ರೂಪಲ್ಲೂ ಅದೇ ಮೆಸೇಜ್: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕಿನ ಶಾಲೆಗಳಿಗೆ ಇವತ್ತು ರಜೆ. ನೆಟ್‌ವರ್ಕ್ ಇಲ್ಲದ ಮನೆಗೆ ಪಕ್ಕದ ಮನೆಯವ್ರು ಕೂಗಿ ಹೇಳ್ತಾರೆ.

ಹಾಗಾದ್ರೆ ಮನೆಗೆ ಸುದ್ದಿ ಮುಟ್ಸೋದು ಶಾಲೆಗೆ ಗೊತ್ತಿಲ್ಲ ಅಂತೇನಿಲ್ಲ. ಆದ್ರೆ "ನಿಮ್ಮ ಮಗುಗೆ ಬೋರ್ಡ್ ಕಾಣ್ತಿಲ್ಲ" ಅನ್ನೋ ಸುದ್ದಿ ಮುಟ್ಟೋಕೆ ಎಷ್ಟು ದಿನ ಬೇಕು? ನನ್ನ ವಿಷಯದಲ್ಲಿ ಎರಡು ವರ್ಷ ಬೇಕಾಯ್ತು.

ಫೋಟೋದಲ್ಲಿ ಇರೋದು ನನ್ನ ಮೂರನೇ ಕ್ಲಾಸಿನ ಡೈರಿ. ಕೆಳಗಿನ ಸೈನ್ ಅಮ್ಮಂದು.

(2/6)
ನಾನು ಓದಿದ್ದು ಸಿಸ್ಟರ್‌ಗಳು ನಡೆಸೋ ಒಂದು ಕ್ಯಾಥೊಲಿಕ್ ಪ್ರೈಮರಿ ಸ್ಕೂಲಲ್ಲಿ. ಹೆಸರು ಬೇಡ, ಯಾಕಂದ್ರೆ ಇದು ಆ ಒಂದು ಶಾಲೆಯ ಕಥೆ ಅಲ್ಲ. ನಮ್ಮ ಕ್ಲಾಸಲ್ಲಿ ಕೊಂಕಣಿ ಮನೆಯವ್ರು, ಹವ್ಯಕರು, ಉರ್ದು ಮಾತಾಡೋರು, ನಮ್ಮಂಥ ಕೂಲಿ ಮನೆಯವ್ರು ಎಲ್ಲ ಇದ್ವಿ. ಇಂಗ್ಲಿಷ್ ಮಾತಾಡೋ ಮನೆ ಮಾತ್ರ ಒಂದೂ ಇರ್ಲಿಲ್ಲ. ಡೈರಿ ಮಾತ್ರ ಪೂರ್ತಿ ಇಂಗ್ಲಿಷಲ್ಲಿ.

ಒಂದಿನ ಮಿಸ್ ಅದ್ರಲ್ಲಿ ಎರಡು ಸಾಲು ಬರೆದ್ರು: ಇವ್ರಿಗೆ ಬೋರ್ಡ್ ಸರಿಯಾಗಿ ಕಾಣೋ ಹಾಗಿಲ್ಲ, ಕಣ್ಣು ತೋರಿಸಿ. ಅಮ್ಮ "ಎಂತ ಬರ್ದಿದಾರೆ?" ಅಂತ ಕೇಳಿದ್ಲು. ನಾನು "ಟೆಸ್ಟಿಗೆ ಓದ್ಕೊಂಡ್ ಬರ್ಬೇಕಂತೆ" ಅಂದೆ. ಕ್ಲಾಸಲ್ಲಿ ಕನ್ನಡಕ ಹಾಕೋ ಹುಡುಗನ್ನ ಎಲ್ರೂ ಸೋಡಾಬುಡ್ಡಿ ಅಂತಿದ್ರು. ನಾನೂ ಅಂತಿದ್ದೆ. ಅಮ್ಮ ನಂಬಿ ಸೈನ್ ಹಾಕಿದ್ಲು.

ಮುಂದಿನ ತಿಂಗಳು ಪೇರೆಂಟ್ಸ್ ಮೀಟಿಂಗ್. ಅಡಿಕೆ ಕೊಯ್ಲಿನ ಟೈಮು. ಅಮ್ಮ ಒಂದು ದಿನದ ಕೂಲಿ ಬಿಟ್ಟು ಬಂದಿದ್ಲು. ಅಡಿಕೆ ಸುಲಿದು ಕಪ್ಪಾಗಿದ್ದ ಬೆರಳನ್ನ ಸೆರಗಿನೊಳಗೆ ಇಟ್ಕೊಂಡೇ ಸಾಲಲ್ಲಿ ನಿಂತಿದ್ಲು. ನಮ್ಮ ಸರದಿ ಬಂದಾಗ ಮಿಸ್ ಕೇಳಿದ್ರು, "ಡೈರೀಲಿ ಬರ್ದಿದ್ದೆ, ನೋಡಿದ್ರಲ್ವಾ?" ಅಮ್ಮ ಅಂದ್ಲು, "ಹೌದು ಮಿಸ್, ಇನ್ಮೇಲೆ ಓದಿಸ್ತೀನಿ." ಮಿಸ್ ಸ್ವಲ್ಪ ವಿಚಿತ್ರವಾಗಿ ನೋಡಿದ್ರು. ಹಿಂದೆ ಇನ್ನೂ ಮೂವತ್ತು ಜನ ಇದ್ರು. "ನೆಕ್ಸ್ಟ್" ಅಂದ್ರು.

ಐದನೇ ಕ್ಲಾಸಲ್ಲಿ ಬೇರೆ ಮಿಸ್ ಬಂದು ಫೋನ್ ಮಾಡಿ ಕನ್ನಡದಲ್ಲಿ ಹೇಳೋವರೆಗೂ ನಾನು ಪಕ್ಕದವರ ನೋಟ್ಸ್ ನೋಡೇ ಬರೆದೆ. ಗಣಿತ ಅಲ್ಲೇ ಕೈಬಿಟ್ಟು ಹೋಯ್ತು. ಇವತ್ತಿಗೂ ಪೂರ್ತಿ ಸಿಕ್ಕಿಲ್ಲ.

(3/6)
ಇದ್ರಲ್ಲಿ ಕೆಟ್ಟೋರು ಯಾರು? ಮಿಸ್ ಗಮನಿಸಿದ್ರು, ಬರೆದ್ರು, ನೆನಪಿಟ್ಟು ಕೇಳಿದ್ರು. ಅಮ್ಮ ಕೂಲಿ ಬಿಟ್ಟು ಬಂದ್ಲು, ಸೈನ್ ಹಾಕಿದ್ಲು, ಉತ್ತರ ಕೊಟ್ಲು. ಇಬ್ರೂ ಅವರವರ ಕೆಲಸ ಮಾಡಿದ್ರು. ಆದ್ರೂ ಮಾತು ಮುಟ್ಟಲಿಲ್ಲ. ಯಾಕಂದ್ರೆ ನಡುವೆ ಸುದ್ದಿ ಹೊತ್ತೋನು ಎಂಟು ವರ್ಷದ ನಾನು. ನನ್ನ ದೂರನ್ನ ನನ್ನ ಕೈಲೇ ಕೊಟ್ಟು ಕಳಿಸಿದ್ರೆ ನಾನು ನಿಯತ್ತಾಗಿ ತಲುಪಿಸ್ತೀನಾ?

ನನ್ನ ಅಭಿಪ್ರಾಯ ಇಷ್ಟೇ: ಟೀಚರ್‌ಗೂ ಅಪ್ಪ-ಅಮ್ಮಂಗೂ ನಡುವೆ ಮಗುನ ದುಭಾಷಿ ಮಾಡ್ಬಾರ್ದು. ಅವ್ರು ನೇರವಾಗಿ, ಮನೆಯವ್ರಿಗೆ ಅರ್ಥ ಆಗೋ ಭಾಷೇಲಿ ಮಾತಾಡ್ಬೇಕು.

ಈಗ ನಾನು ಸಾಗರದಲ್ಲಿ ಕಾಲೇಜು. ಕ್ಲಾಸ್‌ಮೇಟ್ಸ್ ಹತ್ರ ಕೇಳಿದೆ. ತೀರ್ಥಹಳ್ಳಿಯ ಒಬ್ಳು ಹೇಳಿದ್ಲು, ಅವಳಪ್ಪ ಮೀಟಿಂಗಲ್ಲಿ ಯಾವಾಗ್ಲೂ ಕೊನೇ ಬೆಂಚು, ಒಂದಿನಾನೂ ಬಾಯಿ ಬಿಟ್ಟಿಲ್ಲ. ತುಮರಿ ಕಡೆ ಹುಡುಗನ ಅಮ್ಮ ಬರ್ತಾನೇ ಇರ್ಲಿಲ್ಲ. ಮಧ್ಯಾಹ್ನ ಮೂರಕ್ಕೆ ಮೀಟಿಂಗ್ ಇಟ್ರೆ ವಾಪಸ್ ಹೋಗೋಕೆ ಲಾಂಚ್ ತಪ್ಪೋ ಭಯ. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಓಪನ್ ಆಯ್ತು, ಇನ್ನು ಆ ಭಯ ಇಲ್ಲ. ಆದ್ರೆ ಅಷ್ಟೂ ವರ್ಷ ಶಾಲೆಯವ್ರ ಲೆಕ್ಕದಲ್ಲಿ ಆ ಅಮ್ಮ "ಆಸಕ್ತಿ ಇಲ್ಲದ ಪೇರೆಂಟ್".

(4/6)
"ಇದೆಲ್ಲ ಶಾಲೆಯ ಕೆಲಸಾನಾ?" ಅಂತ ಕೇಳ್ಬೋದು. ಹೌದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಓದಿ. ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯೋ ಸಾಮರ್ಥ್ಯ, ಪ್ರಗತಿ ತಿಳಿಸೋದು ಶಿಕ್ಷಕರ ಕರ್ತವ್ಯ ಅಂತ ಅಲ್ಲಿದೆ. ಸರ್ಕಾರಿ ಶಾಲೆ ಆದ್ರೆ ಎಸ್‌ಡಿಎಂಸಿ ಇದೆ. ಈ ಕಾಯ್ದೆ ಪ್ರಕಾರ ಅಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ಅರ್ಧದಷ್ಟು ಮಹಿಳೆಯರಿರ್ಬೇಕು.

ಆದ್ರೆ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಈ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸಲ್ಲ ಅಂತ ತೀರ್ಪು ಕೊಡ್ತು. 2025ರ ಸೆಪ್ಟೆಂಬರಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ, ಆ ತೀರ್ಪನ್ನ ದೊಡ್ಡ ಪೀಠ ಮತ್ತೆ ನೋಡ್ಬೇಕು ಅಂದಿದೆ. ಅದೇನಾಗುತ್ತೋ ಆಗ್ಲಿ.

ಕ್ಯಾಥೊಲಿಕ್ ಶಾಲೆಗೆ ಇದನ್ನ ಹೇಳೋಕೆ ಕೋರ್ಟೇ ಬೇಕಾಗಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ಕ್ಕೆ ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸ್ತು. ಮಕ್ಕಳ ಮೊದಲ, ಮುಖ್ಯ ಶಿಕ್ಷಕರು ಅಪ್ಪ-ಅಮ್ಮನೇ, ಟೀಚರ್‌ಗಳು ಅವರ ಜೊತೆ ಸೇರಿ ಕೆಲಸ ಮಾಡ್ಬೇಕು ಅಂತ ಅದು ಹೇಳುತ್ತೆ. ಚರ್ಚ್ ತಾನೇ ಹೇಳಿರೋ ಮಾತು ಇದು. ಹಾಗಿದ್ರೆ ಆ ಮೊದಲ ಟೀಚರ್ ಸೆರಗಿನೊಳಗೆ ಕೈ ಮುಚ್ಕೊಂಡು ಯಾಕೆ ನಿಲ್ಬೇಕು?

(5/6)
ಇನ್ನೊಂದು ಕಡೆ ಮಾತೂ ನ್ಯಾಯವಾಗಿ ಹೇಳ್ತೀನಿ. ಒಂದು ಕ್ಲಾಸಲ್ಲಿ ನಲವತ್ತು ಮಕ್ಕಳು. ರಾತ್ರಿ ಹತ್ತಕ್ಕೆ "ಮಿಸ್, ನಾಳೆ ಯಾವ ಯೂನಿಫಾರ್ಮ್?" ಅಂತ ಮೆಸೇಜ್. ಎರಡು ಮಾರ್ಕ್ಸ್ ಕಮ್ಮಿ ಆದ್ರೆ ಆಫೀಸಿಗೆ ಬಂದು ಕೂಗಾಡೋರು ಇದ್ದಾರೆ. ಹೊರಗಿಂದ ಬಂದ ಸಿಸ್ಟರ್ ಕನ್ನಡ ಕಲಿಯೋಷ್ಟರಲ್ಲಿ ಟ್ರಾನ್ಸ್‌ಫರ್ ಆಗಿರುತ್ತೆ. ಅವ್ರ ಕಷ್ಟ ಸುಳ್ಳಲ್ಲ.

"ಇಂಗ್ಲಿಷ್ ಮೀಡಿಯಂ ಬೇಕು ಅಂತ ಸೇರ್ಸಿದ್ದು ನೀವೇ ಅಲ್ವಾ?" ಅಂತಾನೂ ಕೇಳ್ತಾರೆ. ಹೌದು ಮಾರಾಯ್ರೆ, ಇಂಗ್ಲಿಷ್ ಕಲಿಯೋಕೆ ಸೇರ್ಸಿದ್ದು ಮಗುನ. ಅಮ್ಮ ಅಲ್ಲಿ ವಿದ್ಯಾರ್ಥಿ ಅಲ್ಲ.

ದುಡ್ಡು ಖರ್ಚಾಗದ ನಾಲ್ಕು ಕೆಲಸ ಇದೆ:
1. ಆರೋಗ್ಯ, ನಡತೆ, ಕಲಿಕೆ ಬಗ್ಗೆ ಡೈರೀಲಿ ಬರೆಯೋದು ಕನ್ನಡದಲ್ಲಿರ್ಲಿ. ಕನ್ನಡ ಓದೋಕೂ ಬರದ ಮನೆಗೆ ಒಂದು ಫೋನ್.
2. ಬರೀ ಸೈನ್ ಸಾಕಾಗಲ್ಲ. ಮೀಟಿಂಗಲ್ಲಿ "ನೋಡಿದ್ರಲ್ವಾ?" ಅಂತ ಕೇಳೋ ಬದ್ಲು ವಿಷಯಾನೇ ಮತ್ತೊಮ್ಮೆ ಹೇಳಿ. ನಮ್ಮಮ್ಮಂಗೆ ಆವತ್ತು ಅದೊಂದು ಮಾತು ಸಾಕಿತ್ತು.
3. ಮೀಟಿಂಗ್ ಟೈಮನ್ನ ಬಸ್ಸು, ಕೊಯ್ಲು ನೋಡಿ ಇಡಿ. ಎಲ್ರಿಗೂ ಒಂದೇ ದಿನ ಬೇಡ, ಹತ್ತತ್ತು ಮನೆಯವ್ರನ್ನ ಕರೀರಿ. ಮಾರ್ಕ್ಸನ್ನ ಎಲ್ರ ಮುಂದೆ ಓದ್ಬೇಡಿ.
4. ಮೊದಲ ಮಾತು ಜೂನಲ್ಲೇ ಆಗ್ಲಿ, ಒಳ್ಳೇ ಸುದ್ದಿಯಿಂದ ಶುರುವಾಗ್ಲಿ. ದೂರು ಇದ್ದಾಗ ಮಾತ್ರ ಕರೆದ್ರೆ ಶಾಲೆ ಅಂದ್ರೆ ಪೊಲೀಸ್ ಸ್ಟೇಷನ್ ಥರ ಆಗುತ್ತೆ.

ಪೇರೆಂಟ್ಸ್‌ಗೂ ಒಂದು ಮಾತು: ಅರ್ಥ ಆಗ್ಲಿಲ್ಲ ಅಂದ್ರೆ "ಹೌದು ಮಿಸ್" ಅನ್ಬೇಡಿ. "ಅರ್ಥ ಆಗ್ಲಿಲ್ಲ, ಕನ್ನಡದಲ್ಲಿ ಹೇಳಿ" ಅನ್ನಿ. ಫೀಸು ಕಟ್ಟೋರು ನೀವು, ಮಗು ನಿಮ್ದು.

(6/6)
ಈಗ ನಿಮಗೆ, ಇದನ್ನ ಓದ್ತಿರೋ ನನ್ನ ವಯಸ್ಸಿನವ್ರಿಗೆ.

ನಮ್ಮ ಮನೇಲಿ ಇಂಗ್ಲಿಷ್ ಓದೋಕೆ ಬರೋ ಮೊದಲ ಜನ ನಾವು. ತಂಗಿ, ತಮ್ಮ, ಅಕ್ಕನ ಮಗ ಯಾರಾದ್ರೂ ಪ್ರೈಮರಿಯಲ್ಲಿದ್ರೆ ಇವತ್ತೇ ಡೈರಿ ತೆಗೀರಿ. ಹಿಂದಿನ ಪುಟಗಳನ್ನೂ ನೋಡಿ. ಅಮ್ಮ ಸೈನ್ ಹಾಕಿರೋ ಒಂದೊಂದು ಸಾಲನ್ನೂ ಅಮ್ಮಂಗೆ ಓದಿ ಹೇಳಿ. ಮೀಟಿಂಗಿಗೆ ಕರೆದ್ರೆ ಜೊತೆಗೆ ಹೋಗಿ, ಆದ್ರೆ ಅಮ್ಮನ ಬದ್ಲು ಮಾತಾಡ್ಬೇಡಿ. ಮಿಸ್ ನಿಮ್ಮ ಮುಖ ನೋಡಿ ಮಾತಾಡಿದ್ರೆ "ಅಮ್ಮಂಗೇ ಹೇಳಿ ಮಿಸ್" ಅನ್ನಿ. ಅಷ್ಟು ಸಾಕು.

ಡೈರಿ ವಿಷಯ ನಾನು ಅಮ್ಮಂಗೆ ಹೇಳಿದ್ದು ಹೋದ ತಿಂಗಳು. ಬೈತಾಳೆ ಅನ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಆ ಮಿಸ್ ನನ್ನ ಬಗ್ಗೆ ಎಂತ ಅನ್ಕೊಂಡಿರ್ಬೋದು?" ಅಂತ ಕೇಳಿದ್ಲು.

ನನ್ನ ಹತ್ರ ಉತ್ತರ ಇರ್ಲಿಲ್ಲ.

ನೀವೂ ಅಮ್ಮಂಗೆ ತಪ್ಪಾಗಿ ಓದಿ ಹೇಳಿದ ಸಾಲು ಇದ್ರೆ ಕಾಮೆಂಟಲ್ಲಿ ಬರೀರಿ. ಶಾಲೆ ಹೆಸರು, ಟೀಚರ್ ಹೆಸರು ಬೇಡ. ಬರೆದಾದ್ಮೇಲೆ ಅಮ್ಮಂಗೂ ಹೇಳಿ.

#ಸಾಗರ #ಹೊಸನಗರ #ತೀರ್ಥಹಳ್ಳಿ #ಡೈರಿ_ಸೈನ್